ನಲವತ್ತು ದಾಟಿದ ರ‍್ಯಾಪರ್ ಏನು ಹಾಡಬೇಕು?

2024ರ ಅಕ್ಟೋಬರಿನಲ್ಲಿ ಮೈಸೂರಿನ ಯುವ ದಸರಾ ನಡೆದದ್ದು ಉತ್ತನಹಳ್ಳಿ ಹತ್ತಿರದ ಬಯಲಿನಲ್ಲಿ. ಒಂದೇ ವೇದಿಕೆ. ಒಂದು ರಾತ್ರಿ ಹಿಂದಿ ರ‍್ಯಾಪರ್ ಬಾದ್‌ಶಾ, ಇನ್ನೊಂದು ರಾತ್ರಿ ಇಳಯರಾಜ. ಬಾದ್‌ಶಾಗೆ ಆಗಿನ್ನೂ 39 ತುಂಬಿರಲಿಲ್ಲ. ಇಳಯರಾಜ ಅವರಿಗೆ 81. ಆ ವಾರ ಸರಸ್ವತಿಪುರಂನ ಟೀ ಅಂಗಡಿ ಮುಂದೆ ನಿಂತಿದ್ದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗ ತನ್ನ ಸ್ನೇಹಿತನಿಗೆ ಹೇಳುತ್ತಿದ್ದ: "ಬಾದ್‌ಶಾ ಹಳಬ ಆದ ಮಗಾ, ಈಗೇನಿದ್ರೂ ಹೊಸಬರ ಕಾಲ." ಇಳಯರಾಜ ಅವರ ವಯಸ್ಸಿನ ಮಾತನ್ನು ಅವನು ಎತ್ತಲಿಲ್ಲ. ಬೇರೆ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ. 81 ಆದವರು ದೊಡ್ಡವರು, 38 ಆದವನು ಹಳಬ. ಈ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯಾಕೆ ಹೀಗೆ? ಎಸ್‌ಪಿಬಿ ಅವರನ್ನೇ ನೋಡಿ. ಅರವತ್ತು ದಾಟಿದ ಮೇಲೂ ಎಳೆ ವಯಸ್ಸಿನ ನಾಯಕರಿಗೆ ಪ್ರೇಮಗೀತೆ ಹಾಡಿದರು, ಕೇಳಿದ ನಮಗೆ ಒಂಚೂರೂ ಮುಜುಗರ ಆಗಲಿಲ್ಲ. ಮಾತು ಸಾಹಿತಿಯದ್ದು, ರಾಗ ಸಂಗೀತ ನಿರ್ದೇಶಕರದ್ದು, ಮುಖ ನಾಯಕನದ್ದು. ಹಾಡಿನ ಒಳಗಿರುವ 'ನಾನು' ಎಸ್‌ಪಿಬಿ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ರ‍್ಯಾಪಿನಲ್ಲಿ ಈ ಅನುಕೂಲ ಇಲ್ಲ. ಬರೆದವನೂ ಅವನೇ, ಹೇಳುವವನೂ ಅವನೇ, ಹಾಡಿನಲ್ಲಿ ಬರುವ 'ನಾನು' ಕೂಡ ಅವನೇ. ಬೇರೆಯವರ ಹತ್ತಿರ ಬರೆಸಿಕೊಂಡ ಅಂತ ಗೊತ್ತಾದರೆ ಅಲ್ಲಿ ಮರ್ಯಾದೆ ಹೋಗುತ್ತದೆ. ಹಾಗಾಗಿ ಇಪ್ಪತ್ತೆರಡರಲ್ಲಿ "ನನ್ನ ಮುಂದೆ ಯಾವನೂ ಇಲ್ಲ" ಅಂದ ಹುಡುಗ, ನಲವತ್ತೆರಡರಲ್ಲಿ, ಮಗಳ ಸ್ಕೂಲ್ ಫೀಸು ಕಟ್ಟಿ ಬಂದು, ಬಿಪಿ ಮಾತ್ರೆ ನುಂಗಿ, ಮತ್ತೆ ಅದನ್ನೇ ಹೇಳಿದರೆ ಕೇಳುವವನ ಕಿವಿಗೆ ಅದು ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಗಂಟಲಿಗೆ ವಯಸ್ಸಾಗುವುದು ಆಮೇಲೆ. ಮೊದಲು ವಯಸ್ಸಾಗುವುದು ಈ 'ನಾನು'ವಿಗೆ. ಅದನ್ನು ಬೆಳೆಯಲು ಬಿಟ್ಟವರು ಉಳಿದುಕೊಂಡಿದ್ದಾರೆ. ಬಿಡದವರು ತಮ್ಮದೇ ಹಳೆ ಹಾಡಿನ ಮಿಮಿಕ್ರಿ ಮಾಡಿಕೊಂಡು ಕೂತಿದ್ದಾರೆ.

ಈ ಪ್ರಶ್ನೆ ಹಿಂದೆ ಇರಲೂ ಸಾಧ್ಯವಿರಲಿಲ್ಲ. ರ‍್ಯಾಪಿನ ತವರಾದ ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮತ್ತು ಅವನ ತಂಗಿ ಮಾಡಿದ ಒಂದು ಪಾರ್ಟಿಯಲ್ಲಿ ಅಂತ ಲೆಕ್ಕ. ಅಂದರೆ ಆ ಕಲೆಗೇ ಈಗ ಐವತ್ತು ದಾಟಿದೆ ಅಷ್ಟೇ. ವಯಸ್ಸಾದ ರ‍್ಯಾಪರ್ ಹೇಗಿರಬೇಕು ಅಂತ ನೋಡಿ ಕಲಿಯಲು ಅವರಿಗೆ ಹಿಂದಿನ ತಲೆಮಾರು ಇರಲಿಲ್ಲ. ನಮ್ಮಲ್ಲಂತೂ ಇದು ಇನ್ನೂ ಹೊಸದು. ಕನ್ನಡದಲ್ಲಿ ರ‍್ಯಾಪನ್ನು ಮನೆಮನೆಗೆ ಮುಟ್ಟಿಸಿದ ಚಂದನ್ ಶೆಟ್ಟಿ, ಆಲ್ ಓಕೆ ಅವರ ಸಾಲಿನವರು ಈಗ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೇಳಿಕೊಂಡು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಲು ಶುರು ಮಾಡಿದ ಮೈಸೂರು, ಮಂಡ್ಯದ ಹುಡುಗರಿಗೂ ಮದುವೆಯಾಗಿ ಮಕ್ಕಳಾಗಿವೆ. ಮುಂದಿನ ಹತ್ತು ವರ್ಷ ಇವರೆಲ್ಲ ಏನು ಹಾಡುತ್ತಾರೆ ಅನ್ನುವುದು ಕನ್ನಡ ರ‍್ಯಾಪಿನ ದೊಡ್ಡ ವಿಷಯ ಅಂತ ನಾನು ನಂಬಿದ್ದೇನೆ.

ಹೊರಗೆ ಏನಾಯಿತು ನೋಡೋಣ. 2017ರಲ್ಲಿ ಅಮೆರಿಕದ ರ‍್ಯಾಪರ್ ಜೇ-ಝೀ '4:44' ಅನ್ನುವ ಆಲ್ಬಂ ತಂದ. ಆಗ ಅವನಿಗೆ 47. ಅದುವರೆಗೆ ಅವನ ಹಾಡಿನ 'ನಾನು' ಯಾರಿಗೂ ತಲೆಬಾಗದ ಆಸಾಮಿ. ಈ ಆಲ್ಬಮ್ಮಿನಲ್ಲಿ ಅವನು ಹೆಂಡತಿಗೆ ಮಾಡಿದ ಮೋಸಕ್ಕೆ ಕ್ಷಮೆ ಕೇಳುತ್ತಾನೆ, ತನ್ನ ತಾಯಿ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಬದುಕಿನ ಬಗ್ಗೆ ಹೇಳುತ್ತಾನೆ, ದುಡ್ಡನ್ನು ಹೇಗೆ ಉಡಾಯಿಸಿದೆ, ಹೇಗೆ ಉಳಿಸಬೇಕಿತ್ತು ಅಂತ ಲೆಕ್ಕ ಹಾಕುತ್ತಾನೆ. ಮನೆಯಲ್ಲಿ ಊಟ ಆದ ಮೇಲೆ ಜಗಲಿ ಮೇಲೆ ಕೂತು ದೊಡ್ಡವರು ಆಡುವ ಮಾತಿನ ಹಾಗಿದೆ ಅದು. ಬೀಟ್, ಅಂದರೆ ಮಾತಿನ ಕೆಳಗೆ ನುಡಿಯುವ ತಾಳ ಮತ್ತು ಸಂಗೀತ, ಎಲ್ಲ ಒಬ್ಬನೇ ಮಾಡಿದ್ದು, ನೋ ಐಡಿ ಅನ್ನುವ ಸಂಗೀತ ನಿರ್ಮಾಪಕ. ಹಳೆ ಹಾಡುಗಳ ತುಣುಕು ಹಿಡಿದು ನಿಧಾನವಾಗಿ ಕಟ್ಟಿದ ಬೀಟುಗಳು. ಆ ಕಾಲದಲ್ಲಿ ಎಲ್ಲ ಕಡೆ ಟ್ರ್ಯಾಪ್ ಅನ್ನುವ ಶೈಲಿಯ ಬೀಟು, ಧ್ವನಿಯನ್ನು ಯಂತ್ರದಲ್ಲಿ ತಿದ್ದುವ ಆಟೋಟ್ಯೂನು. ಜೇ-ಝೀ ಅದರ ಹಿಂದೆ ಓಡಲಿಲ್ಲ.

2025ರ ಜುಲೈನಲ್ಲಿ ಕ್ಲಿಪ್ಸ್ ಅನ್ನುವ ಅಣ್ಣ ತಮ್ಮಂದಿರ ಜೋಡಿ, ಪುಷಾ ಟಿ ಮತ್ತು ಮ್ಯಾಲಿಸ್, 16 ವರ್ಷದ ನಂತರ ಮತ್ತೆ ಒಟ್ಟಿಗೆ ಆಲ್ಬಂ ತಂದರು. ಇಪ್ಪತ್ತು ವರ್ಷ ಹಿಂದೆ ಇವರ ಹಾಡು ಅಂದರೆ ಮಾದಕ ವಸ್ತು ಮಾರುವವರ ಲೋಕ. ಹೊಸ ಆಲ್ಬಮ್ಮಿನ ಮೊದಲ ಹಾಡೇ ತೀರಿಹೋದ ಅಪ್ಪ ಅಮ್ಮನ ಬಗ್ಗೆ. ತಮ್ಮ ಪುಷಾ ಟಿ ಅಮ್ಮನನ್ನು ನೆನೆಯುತ್ತಾನೆ, ಅಣ್ಣ ಮ್ಯಾಲಿಸ್ ಅಪ್ಪನನ್ನು. ನಮ್ಮ ಮನೆಯಲ್ಲಿ ಸಾವಾದ ವರ್ಷ ನಾನು ಇದನ್ನು ಕೇಳಿದ್ದೇನೆ, ಆದ್ದರಿಂದ ಇದರ ಬಗ್ಗೆ ತಣ್ಣಗೆ ಬರೆಯಲು ನನಗೆ ಆಗುವುದಿಲ್ಲ. ಇಪ್ಪತ್ತೆರಡರ ಹುಡುಗ ಎಷ್ಟೇ ಜಾಣನಾದರೂ ಈ ಹಾಡನ್ನು ಬರೆಯಲಾರ. ವಯಸ್ಸಿನಿಂದ ಬರುವ ಸರಕು ಅಂದರೆ ಇದು.

ಹಾಗಂತ ಸರಕು ಇದ್ದರೆ ಸಾಕು ಅಂತ ಅಲ್ಲ. ಜೊತೆಗಾರ ಬೇಕು. ನಾಸ್ ಅನ್ನುವವನು 1994ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, 'ಇಲ್‌ಮ್ಯಾಟಿಕ್' ಮಾಡಿದ. ಅದು ಎಷ್ಟು ದೊಡ್ಡದಾಯಿತು ಅಂದರೆ ಆಮೇಲೆ ಏನೇ ಮಾಡಿದರೂ ಜನ ಅದಕ್ಕೇ ಹೋಲಿಸಿದರು. 2020ರಲ್ಲಿ ತನಗಿಂತ ಸುಮಾರು 14 ವರ್ಷ ಚಿಕ್ಕವನಾದ ಹಿಟ್-ಬಾಯ್ ಅನ್ನುವ ಬೀಟ್ ಕಟ್ಟುವವನ ಜೊತೆ ಕೂತ. ಮೂರು ವರ್ಷದಲ್ಲಿ ಆರು ಆಲ್ಬಂ. ಮೊದಲನೆಯದಕ್ಕೇ ಜೀವಮಾನದ ಮೊದಲ ಗ್ರ್ಯಾಮಿ ಬಂತು, 47ನೇ ವಯಸ್ಸಿನಲ್ಲಿ. ಆರನೆಯದು ಬಿಡುಗಡೆಯಾಗಿದ್ದು ಅವನ ಐವತ್ತನೇ ಹುಟ್ಟುಹಬ್ಬದ ದಿನ. ಇಲ್ಲಿ ಗಮನಿಸಬೇಕಾದ್ದು ಚಿಕ್ಕವನ ಜೊತೆ ಸೇರಿದ್ದಷ್ಟೇ ಅಲ್ಲ, ಒಬ್ಬನ ಜೊತೆಯೇ ಉಳಿದದ್ದು. ಹತ್ತು ಜನರ ಹತ್ತಿರ ಹತ್ತು ಬೀಟ್ ತಂದರೆ ಆಲ್ಬಂ ಸಂತೆಯಾಗುತ್ತದೆ. ಒಬ್ಬನೇ ಆದರೆ ಅವನು ನಿಮ್ಮ ಕೆಟ್ಟ ಅಭ್ಯಾಸಗಳನ್ನು ಗುರುತು ಹಿಡಿಯುತ್ತಾನೆ, "ಇದನ್ನ ಹೋದ ಸಲಾನೇ ಹೇಳಿದ್ದೀಯ" ಅನ್ನುತ್ತಾನೆ. ಹೆಸರು ಮಾಡಿದವನಿಗೆ ಇದನ್ನು ಹೇಳುವ ಜನ ಕಡಿಮೆ ಆಗುತ್ತಾ ಹೋಗುತ್ತಾರೆ.

'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡ 18 ವರ್ಷದ ಮೇಲೆ 2016ರಲ್ಲಿ ಕೊನೆಯ ಆಲ್ಬಂ ಮಾಡಿದಾಗ ಆ ತಂಡದ ಕ್ಯೂ-ಟಿಪ್ ಒಂದು ಹಟ ಹಿಡಿದ: ಯಾರೂ ತಮ್ಮ ಪಾಲಿನದನ್ನು ಮೇಲ್‌ನಲ್ಲಿ ಕಳಿಸುವ ಹಾಗಿಲ್ಲ, ನನ್ನ ಮನೆಗೆ ಬಂದು ಎದುರುಬದುರು ಕೂತು ಹೇಳಬೇಕು. ತಂಡದ ಇನ್ನೊಬ್ಬ, ಫೈಫ್ ಡಾಗ್, ಆಗಲೇ ಕಾಯಿಲೆಯಲ್ಲಿದ್ದ. ಆದರೂ ಬಂದ. ಆಲ್ಬಂ ಹೊರಬರುವ ಮೊದಲೇ, ಆ ವರ್ಷದ ಮಾರ್ಚಿನಲ್ಲಿ, 45ನೇ ವಯಸ್ಸಿಗೆ ತೀರಿಕೊಂಡ. ಕೇಳಿದರೆ ಗೊತ್ತಾಗುತ್ತದೆ, ಒಬ್ಬನ ಸಾಲನ್ನು ಇನ್ನೊಬ್ಬ ಅರ್ಧದಲ್ಲೇ ಕಿತ್ತುಕೊಂಡು ಮುಗಿಸುತ್ತಾನೆ. ಇವತ್ತು ನಮ್ಮಲ್ಲಿ ಹೆಚ್ಚಿನ ಜೋಡಿ ಹಾಡು ವಾಟ್ಸ್ಆ್ಯಪ್‌ನಲ್ಲೇ ಆಗುತ್ತವೆ. ಒಬ್ಬ ಮಂಡ್ಯದಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಕೇಳುವವರಿಗೂ ಅದು ತಿಳಿಯುತ್ತದೆ.

ಇನ್ನು ಉಸಿರು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ರ‍್ಯಾಪ್ ಅರ್ಧ ಉಸಿರಿನ ಕಲೆ. ಎಮಿನೆಮ್ 2013ರಲ್ಲಿ, 41ರ ಆಸುಪಾಸಿನಲ್ಲಿ, 6 ನಿಮಿಷ 4 ಸೆಕೆಂಡಿನ ಒಂದೇ ಹಾಡಿನಲ್ಲಿ 1,560 ಪದ ಹೇಳಿ ಗಿನ್ನೆಸ್ ದಾಖಲೆಗೆ ಸೇರಿದ. ಲೆಕ್ಕ ಹಾಕಿದರೆ ಸೆಕೆಂಡಿಗೆ ನಾಲ್ಕಕ್ಕಿಂತ ಜಾಸ್ತಿ. ಬೆರಗಾಗುತ್ತದೆ, ನಿಜ. ಆದರೆ ವಯಸ್ಸಾದವರು ವೇಗದಲ್ಲಿ ಗೆಲ್ಲಲು ಹೊರಟರೆ ಅದು ಸೋಲುವ ಪಂದ್ಯ. ಶ್ವಾಸಕೋಶದ ಶಕ್ತಿ ವರ್ಷ ಕಳೆದಂತೆ ಕುಗ್ಗುತ್ತದೆ, ಅದಕ್ಕೆ ಹೆಸರು ದುಡ್ಡು ಯಾವುದೂ ಲೆಕ್ಕಕ್ಕಿಲ್ಲ.

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದಲ್ಲಲ್ಲ, ಕಪ್ಪಡಿಯಲ್ಲಿ. ಕೆ.ಆರ್. ನಗರ ತಾಲೂಕಿನ ಕಾವೇರಿ ದಡ, ರಾಚಪ್ಪಾಜಿ ಜಾತ್ರೆ. ಒಂದು ರಾತ್ರಿ ಅಲ್ಲಿ ನೀಲಗಾರರ ಮೇಳದ ಮುಂದೆ ಕೂತಿದ್ದೆ. ಮುಖ್ಯ ಹಾಡುಗಾರರಿಗೆ ಎಪ್ಪತ್ತಾದರೂ ಆಗಿತ್ತು. ಹೆಗಲಿಗೆ ತಂಬೂರಿ, ಇನ್ನೊಂದು ಕೈಯಲ್ಲಿ ಗಗ್ಗರ. ಮಂಟೇಸ್ವಾಮಿ ಕಥೆ ರಾತ್ರಿಯೆಲ್ಲ ನಡೆಯಬೇಕು, ಹಾಳೆ ಇಲ್ಲ, ಪುಸ್ತಕ ಇಲ್ಲ. ಅವರು ಸಾಲಿನ ಮುಕ್ಕಾಲು ಭಾಗ ಹಾಡಿ ಬಿಡುತ್ತಿದ್ದರು. ಉಳಿದ ಕಾಲು ಭಾಗವನ್ನು ಹಿಮ್ಮೇಳದ ಇಬ್ಬರು ಸೊಲ್ಲು ಹಿಡಿದು ಎತ್ತುತ್ತಿದ್ದರು. ಆ ಹೊತ್ತಿನಲ್ಲಿ ಅವರ ಭುಜ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಉಸಿರು ತುಂಬಿಕೊಳ್ಳುತ್ತಿದ್ದರು. ಕಥೆ ಬಿಸಿಯಾದ ಕಡೆ ಹಾಡು ನಿಲ್ಲಿಸಿ ಸುಮ್ನೆ ಮಾತಿನಲ್ಲೇ ಹೇಳಿದರು, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ. ಜನ ಇನ್ನೂ ಮುಂದೆ ಜರುಗಿ ಕೂತರು. ಬೆಳಗಿನ ಜಾವ ನಾಲ್ಕಕ್ಕೂ ಅವರ ಧ್ವನಿ ಒಡೆದಿರಲಿಲ್ಲ.

ವಯಸ್ಸಾದ ಒಳ್ಳೆಯ ರ‍್ಯಾಪರ್ ಮಾಡುವುದು ಇದನ್ನೇ. ವೇದಿಕೆ ಮೇಲೆ ಸಾಲಿನ ಕೊನೆ ಪದ ಹಿಡಿಯಲು ಜೊತೆಗೊಬ್ಬ ಇರುತ್ತಾನೆ. ಪದಗಳ ನಡುವೆ ಜಾಗ ಬಿಡುತ್ತಾನೆ. ಬೀಟಿಗಿಂತ ಒಂದು ಗುಲಗಂಜಿ ಹಿಂದೆ ಬರುತ್ತಾನೆ, ಮಾತಿಗೆ ಹತ್ತಿರ ಬರುತ್ತಾನೆ. '4:44'ರಲ್ಲಿ ಜೇ-ಝೀ ಹೆಚ್ಚು ಕಡಿಮೆ ಮಾತಾಡುತ್ತಾನೆ. ಅವನೂ ಹಾಡನ್ನು ಕಾಗದದ ಮೇಲೆ ಬರೆಯುವವನಲ್ಲ, ತಲೆಯಲ್ಲೇ ಕಟ್ಟುವವನು. ನಮ್ಮ ನೀಲಗಾರರು, ಕಂಸಾಳೆಯವರು ತಲೆಮಾರುಗಳಿಂದ ತಿಳಿದಿರುವ ಈ ಕಸುಬನ್ನು ನಮ್ಮ ರ‍್ಯಾಪ್ ಹುಡುಗರು ಒಂದು ರಾತ್ರಿ ಹೋಗಿ ಕೂತು ನೋಡಲಿ ಅಂತ ನನಗೆ ತುಂಬಾ ಆಸೆ. ತಂಬೂರಿಯ ಸದ್ದನ್ನು ಬೀಟಿನ ಕೆಳಗೆ ಹಾಕಿ ಜಾನಪದ ಮಾಡಿದೆ ಅನ್ನುವುದಕ್ಕಲ್ಲ. ಉಸಿರು ಎಲ್ಲಿ ತಗೊಳ್ಳಬೇಕು ಅಂತ ಕಲಿಯುವುದಕ್ಕೆ.

ನನ್ನ ಗೆಳೆಯನೊಬ್ಬ ಇದ್ದಾನೆ. ಮದ್ದೂರು ತಾಲೂಕಿನ ಕೊಪ್ಪದ ಕಡೆಯವನು, ಈಗ ಕುವೆಂಪುನಗರದಲ್ಲಿ ಮೇಲ್ಮನೆ ಬಾಡಿಗೆಗೆ ಹಿಡಿದಿದ್ದಾನೆ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ವಯಸ್ಸು ನಲವತ್ತು. ಕಾಲೇಜಿನ ದಿನದಿಂದ ರ‍್ಯಾಪ್ ಬರೆಯುತ್ತಾನೆ. ಅವನ ಹಳೆ ಹಾಡೆಲ್ಲ ಏರಿಯಾ ನಂದು, ರೂಲ್ಸು ನಂದು, ಎದುರು ಬಂದರೆ ಏಟು ನಂದು ಅನ್ನುವ ಜಾತಿಯವು. ಅವನು ಯಾರಿಗೂ ಒಂದು ಏಟು ಹೊಡೆದದ್ದನ್ನು ನಾನು ನೋಡಿಲ್ಲ. ನಾಲ್ಕು ವರ್ಷ ಏನೂ ಬರೆದಿರಲಿಲ್ಲ. ಹೋದ ಬೇಸಿಗೆಯಲ್ಲಿ ಫೋನ್ ಮಾಡಿದ: "ಬಾರೋ, ಏನೋ ಒಂದು ಆಗ್ತಿದೆ."

ಹೋದೆ. ಹಾಸಿಗೆಯನ್ನು ಗೋಡೆಗೆ ಒರಗಿಸಿದ್ದ, ಕಿಟಕಿಗೆ ಎರಡು ಕಂಬಳಿ. ಮೈಕಿಗೆ ಸದ್ದು ಸಿಗುತ್ತದೆ ಅಂತ ಫ್ಯಾನ್ ಆಫ್. ಕೆಳಗಿನ ಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಕಾದೆವು. ನೋಟ್‌ಬುಕ್ಕಿನಲ್ಲಿ ಉಸಿರು ತಗೊಳ್ಳುವ ಕಡೆಯೆಲ್ಲ ಕೆಂಪು ಪೆನ್ನಿನ ಗೀಟು. ಮೊದಲ ಸಲ ಎರಡು ಸಾಲಿಗೊಂದು ಗೀಟು ಇತ್ತು, ಅದನ್ನು ಹೊಡೆದುಹಾಕಿ ಸಾಲಿಗೊಂದು ಮಾಡಿದ್ದ. ಹೇಳಿದ್ದು ಇದು:

ಅಪ್ಪನ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ
ಕೊಪ್ಪದ ಬಸ್ಸಿಗೆ ಜೇಬಲ್ಲಿ ಚಿಲ್ಲರೆ ಇಲ್ಲ
ಮುಪ್ಪು ಅಂತೀಯ, ನಂಗಿನ್ನೂ ನಲವತ್ತು
ತಪ್ಪು ಲೆಕ್ಕ ಬರೆದೋರ್ ಯಾರು ಅಂತ ನಂಗೊತ್ತು

ಹನ್ನೊಂದನೇ ಸಲಕ್ಕೆ ಸರಿ ಬಂತು. ನಾನು ಸಾಲಿನ ತಲೆ ನೋಡುತ್ತಿದ್ದೆ. ಅಪ್ಪ, ಕೊಪ್ಪ, ಮುಪ್ಪು, ತಪ್ಪು. ಎರಡನೇ ಅಕ್ಷರ ಒಂದೇ. ಇದು ನಮ್ಮ ಆದಿಪ್ರಾಸ, ಸಾವಿರ ವರ್ಷದ ಹಿಂದಿನ ಹಳಗನ್ನಡ ಕವಿಗಳು ಪದ್ಯ ಪದ್ಯಕ್ಕೂ ಪಾಲಿಸಿದ ಕಟ್ಟಳೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. "ಕೊನೇಲಿ ಪ್ರಾಸ ಹಾಕಿ ಹಾಕಿ ಬೇಜಾರಾಯ್ತು ಕಣೋ, ಮುಂದೆ ಹಾಕಿ ನೋಡ್ದೆ" ಅಂದ.

ಈ ಮಾತು ಸಣ್ಣದಲ್ಲ. ಕನ್ನಡದಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಮಾಡ್ತೀನಿ, ನೋಡ್ತೀನಿ, ಹೋಗ್ತೀನಿ, ಬರ್ತೀನಿ. ಸಾಲಿನ ಕೊನೆಗೆ ಪ್ರಾಸ ಪುಕ್ಕಟೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕಾಗಿ ಬೆವರು ಸುರಿಸಬೇಕು, ನಮಗೆ ಬೇಕಿಲ್ಲ. ಅದಕ್ಕೇ ಇಪ್ಪತ್ತರಲ್ಲಿ ಕನ್ನಡ ರ‍್ಯಾಪ್ ಬರೆಯುವುದು ಸುಲಭ, ನಲವತ್ತರಲ್ಲಿ ಅದೇ ಪ್ರಾಸ ಕೇಳಿದರೆ ಸಪ್ಪೆ. ಬೆಳೆಯಬೇಕು ಅಂದರೆ ಪ್ರಾಸವನ್ನು ಸಾಲಿನ ಒಳಗೆ, ಸಾಲಿನ ತಲೆಗೆ ಒಯ್ಯಬೇಕು, ನಾಮಪದಗಳ ಮೇಲೆ ಕೂರಿಸಬೇಕು. ಊರಿನ ಹೆಸರು, ಬೆಳೆಯ ಹೆಸರು, ಮನೆಯವರ ಹೆಸರು. ಆಗ ವಿಷಯ ತಾನಾಗಿಯೇ ಗಟ್ಟಿಯಾಗುತ್ತದೆ, ಯಾಕೆಂದರೆ ಕೊಪ್ಪಕ್ಕೆ ಪ್ರಾಸ ಬೇಕು ಅಂತ ಹುಡುಕಿದಾಗಲೇ ಅವನಿಗೆ ಅಪ್ಪ ಸಿಕ್ಕಿದ್ದು.

ವಯಸ್ಸನ್ನು ಮುಚ್ಚಿಡುವ ಇನ್ನೊಂದು ದಾರಿಯೂ ಇದೆ, ಮುಖವಾಡ. ಎಮ್ಎಫ್ ಡೂಮ್ ಅನ್ನುವ ರ‍್ಯಾಪರ್ ಲೋಹದ ಮುಖವಾಡ ಹಾಕಿಯೇ ಹಾಡಿದ, ಪಾತ್ರ ಬೇರೆ, ತಾನು ಬೇರೆ ಅಂದ. ಬಣ್ಣ ಹಚ್ಚಿದ ವೇಷಧಾರಿಗೆ ವಯಸ್ಸೆಷ್ಟು ಅಂತ ನಾವೂ ಕೇಳುವುದಿಲ್ಲ ತಾನೆ. ಎಮಿನೆಮ್ ಕಥೆ ಉಲ್ಟಾ. ಇಪ್ಪತ್ತರ ಹರೆಯದಲ್ಲಿ ಕಟ್ಟಿದ ಸ್ಲಿಮ್ ಶೇಡಿ ಅನ್ನುವ ತರಲೆ ಪಾತ್ರ ಅವನನ್ನು ಬಿಡಲೇ ಇಲ್ಲ, 2024ರಲ್ಲಿ, 51ನೇ ವಯಸ್ಸಿನಲ್ಲಿ, ಆ ಪಾತ್ರವನ್ನು ಸಾಯಿಸುವುದನ್ನೇ ಆಲ್ಬಂ ಮಾಡಿದ. ಯೋಚನೆ ಚೆನ್ನಾಗಿತ್ತು. ನನ್ನ ಕಿವಿಗೆ ಆ ಆಲ್ಬಮ್ಮಿನಲ್ಲಿ ಮನಸ್ಸಿಗೆ ತಟ್ಟಿದ್ದು ಮಗಳ ಬಗ್ಗೆ ಬರೆದ ಹಾಡು ಮಾತ್ರ.

ರ‍್ಯಾಪರ್ ಆಂಡ್ರೆ 3000 ಮಾಡಿದ್ದು ಎಲ್ಲರಿಗಿಂತ ಬೇರೆ. 2023ರಲ್ಲಿ, 48ನೇ ವಯಸ್ಸಿನಲ್ಲಿ, 17 ವರ್ಷದ ಮೇಲೆ ಆಲ್ಬಂ ತಂದ. ಅದರಲ್ಲಿ ಒಂದು ಪದವೂ ಇಲ್ಲ. ಮುಖ್ಯವಾಗಿ ಕೊಳಲು. ಈ ವಯಸ್ಸಿನಲ್ಲಿ ರ‍್ಯಾಪಿನಲ್ಲಿ ಏನು ಹೇಳಲಿ, ಆಸ್ಪತ್ರೆಯ ತಪಾಸಣೆ, ಮಂಜಾಗುವ ಕಣ್ಣು, ಇದನ್ನಾ ಅಂತ ಒಂದು ಸಂದರ್ಶನದಲ್ಲಿ ಕೇಳಿದ್ದ. ಅವನ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಅವನ ಮಾತನ್ನು ನಾನು ಒಪ್ಪುವುದಿಲ್ಲ. ಮಂಜಾಗುವ ಕಣ್ಣಿನ ಬಗ್ಗೆ ಅವನಂಥವನು ಬರೆದಿದ್ದರೆ ನಾನು ಕಾದು ಕೂತು ಕೇಳುತ್ತಿದ್ದೆ. ಕೆ.ಆರ್. ಆಸ್ಪತ್ರೆಯ ಸಾಲಿನಲ್ಲಿ ಅಪ್ಪನ ಜೊತೆ ನಿಂತ ಎಷ್ಟು ಜನ ಇಲ್ಲಿದ್ದಾರೆ. ಅವರಿಗೊಂದು ಹಾಡು ಬೇಡವೇ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಮಾತೆಲ್ಲ ಇನ್ನೂ ಕಷ್ಟ. ಅಮೆರಿಕದ ರ‍್ಯಾಪರ್ ಮಿಸ್ಸಿ ಎಲಿಯಟ್ ಅಷ್ಟು ದೊಡ್ಡ ಹೆಸರು, ಆದರೂ ತನ್ನದೇ ಹೆಸರಿನಲ್ಲಿ ಮೊದಲ ದೊಡ್ಡ ಪ್ರವಾಸ ಹೊರಟದ್ದು 2024ರಲ್ಲಿ, 53ನೇ ವಯಸ್ಸಿಗೆ. ಇಲ್ಲಿ ಕುಕ್ಕರಹಳ್ಳಿ ಕೆರೆ ಹತ್ತಿರ ಹುಡುಗರು ವೃತ್ತ ಕಟ್ಟಿ ನಿಂತು, ಸರದಿಯಲ್ಲಿ ಒಬ್ಬೊಬ್ಬರೇ ರ‍್ಯಾಪ್ ಹೇಳುವ ಸೈಫರ್ ಮಾಡುತ್ತಿದ್ದ ಕಾಲದಲ್ಲಿ ಇಬ್ಬರು ಹುಡುಗಿಯರು ಬರುತ್ತಿದ್ದರು, ಅವರಲ್ಲೊಬ್ಬಳು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಮದುವೆಯಾಯಿತು, ಇಬ್ಬರೂ ನಿಲ್ಲಿಸಿದರು. ಹುಡುಗರಿಗೆ ನಲವತ್ತರಲ್ಲಿ ಬರುವ ಪ್ರಶ್ನೆ ಅವರಿಗೆ ಇಪ್ಪತ್ತೈದಕ್ಕೇ ಬಂದಿತ್ತು. ಬಾಣಂತನದ ಬಗ್ಗೆ, ಅತ್ತೆ ಮನೆಯ ಅಡುಗೆಮನೆ ಬಗ್ಗೆ ಕನ್ನಡದಲ್ಲಿ ಒಂದು ಖಡಕ್ ರ‍್ಯಾಪ್ ಬರಬೇಕಿತ್ತು. ಅದನ್ನು ಬರೆಯುವವಳು ಇದ್ದಳು.

ದುಡ್ಡಿನ ಮಾತು ಕಡಿಮೆ ಹೇಳುತ್ತೇನೆ. ಹಳೆ ರ‍್ಯಾಪರಿಗೆ ದೊಡ್ಡ ಎದುರಾಳಿ ಹೊಸ ಹುಡುಗನಲ್ಲ, ಅವನದೇ ಹಳೆ ಹಾಡು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಕಾಲೇಜ್ ಫೆಸ್ಟು, ಎಲ್ಲ ಕಡೆ ಕರೆಯುವವರು "ಸರ್, ಆ ಎರಡು ಹಾಡು ಹಾಡಿಬಿಡಿ, ಸಾಕು" ಅನ್ನುತ್ತಾರೆ. ಮನೆ ನಡೆಯುವುದೂ ಅದರಿಂದಲೇ, ಅದನ್ನು ತಪ್ಪು ಅನ್ನುವ ಹಕ್ಕು ನನಗಿಲ್ಲ. ಸ್ನೂಪ್ ಡಾಗ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟಿವಿಯವರ ಜೊತೆ ಎಲ್ಲ ಕಡೆ ಓಡಾಡಿದ, ಜಗತ್ತೆಲ್ಲ ನೋಡಿತು. ಕಣ್ಣಿಗೆ ಬೀಳುವುದು ಬೇರೆ, ಹೊಸದನ್ನು ಕಟ್ಟುವುದು ಬೇರೆ. ಎರಡು ಹಳೆ ಹಾಡಿನ ನಡುವೆ ಹಟ ಹಿಡಿದು ಒಂದು ಹೊಸದನ್ನು ಹಾಡಿ, ಜನ ಫೋನ್ ಕೆಳಗಿಳಿಸಿ ಸುಮ್ಮನೆ ನಿಂತ ಆ ಮೂರು ನಿಮಿಷವನ್ನು ತಡೆದುಕೊಳ್ಳುವ ಗುಂಡಿಗೆ ಬೇಕು.

ಗೆಳೆಯನ ಹಾಡು ಇನ್ನೂ ಮುಗಿದಿಲ್ಲ. ಅಪ್ಪನಿಗೆ ಕೇಳಿಸಿದನಂತೆ. ಅವರು ಪೂರ್ತಿ ಕೇಳಿ, "ದುಡ್ಡು ಬಂದಿಲ್ಲ ಅಂದ್ಯಲ್ಲ, ಎಷ್ಟು ತಿಂಗಳಾಯ್ತು ಅಂತಾನೂ ಸೇರಿಸು ಕಣ್ಲಾ" ಅಂದರಂತೆ. ಈಗ ತಿಂಗಳ ಲೆಕ್ಕಕ್ಕೆ ಪ್ರಾಸ ಹುಡುಕುತ್ತಿದ್ದಾನೆ. ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಫ್ಯಾನ್ ಇರಲ್ಲ, ಟವೆಲ್ ತಗೊಂಡು ಬಾ ಅಂದಿದ್ದಾನೆ.